ನುಣುಪಿಗೆ ಹಲ್ಲು ಬೇಕು

ಕೇಳುಗರಿಗೆ ನಮಸ್ಕಾರ.

ಗಣೇಶನ ಹಬ್ಬಕ್ಕೆ ಜೇಡಿಮಣ್ಣಿನ ಮೂರ್ತಿ ಮಾಡುವುದನ್ನು ನೀವು ನೋಡಿರುತ್ತೀರಿ. ಬೆರಳನ್ನು ನೀರಿಗೆ ಅದ್ದಿ, ಗಣಪನ ಹೊಟ್ಟೆಯನ್ನು ನಾಲ್ಕು ಸಲ ಸವರಿದರೆ ನುಣ್ಣಗಾಗುತ್ತದೆ. ಎಣ್ಣೆಮಣ್ಣು ಮೊದಲ ಸಲ ಕೈಗೆ ಸಿಕ್ಕಾಗ ನಾನೂ ಹಾಗೇ ಮಾಡಿದೆ. ಕೆಸುವಿನೆಲೆಯ ಮೇಲಿನಂತೆ ನೀರು ಜಾರಿ ಹೋಯಿತು. ಬೆರಳಚ್ಚು ಮಾತ್ರ ಉಳಿಯಿತು.

ಈ ಮಣ್ಣಿನಲ್ಲಿ ನೀರೇ ಇಲ್ಲ, ನೋಡಿ. ಪುಡಿಗೆ ಎಣ್ಣೆ, ಮೇಣ ಸೇರಿಸಿ ಕಲಸಿರುತ್ತಾರೆ. ಅದಕ್ಕೇ ಒಣಗುವುದಿಲ್ಲ, ಬಿರುಕು ಬಿಡುವುದಿಲ್ಲ. ಆವಿಗೆಯಲ್ಲಿ ಸುಡುವ ಹಾಗೂ ಇಲ್ಲ, ಕರಗಿಬಿಡುತ್ತದೆ. ಮಕ್ಕಳು ಆಡುವ ಪ್ಲಾಸ್ಟಿಸಿನ್ ಕೂಡ ಇದೇ ಜಾತಿ. ಇಂಗ್ಲೆಂಡಿನ ಬಾತ್ ಊರಿನ ಕಲಾಶಿಕ್ಷಕ ವಿಲಿಯಂ ಹಾರ್ಬಟ್ 1897ರಲ್ಲಿ ಅದನ್ನು ತಯಾರಿಸಿದ್ದು, ತನ್ನ ವಿದ್ಯಾರ್ಥಿಗಳಿಗೆ ಒಣಗದ ಮಣ್ಣು ಬೇಕು ಅಂತ.

ಸರಿ, ನುಣುಪು ಹೇಗೆ? ಹಲ್ಲಿರುವ ಬ್ಲೇಡಿನಿಂದ! ನಗಬೇಡಿ. ಬೆರಳು ಮೆತ್ತಗಿರುತ್ತದೆ, ಉಬ್ಬಿದ ಕಡೆ ಏರುತ್ತದೆ, ತಗ್ಗಿಗೂ ಇಳಿಯುತ್ತದೆ. ಎಷ್ಟು ಉಜ್ಜಿದರೂ ಏರುತಗ್ಗು ಹಾಗೇ ಇರುತ್ತದೆ, ಸುಮ್ನೆ ಹೊಳಪು ಬರುತ್ತದೆ ಅಷ್ಟೇ. ಹಲ್ಲಿನ ಬ್ಲೇಡು ಉಬ್ಬನ್ನು ಮಾತ್ರ ಕೆರೆಯುತ್ತದೆ. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಗರಗಸದ ಬ್ಲೇಡಿನ ಒಂದು ತುಂಡು ಸಾಕು. ಒಮ್ಮೆ ಓರೆಯಾಗಿ ಕೆರೆಯಿರಿ, ಆಮೇಲೆ ಅದಕ್ಕೆ ಅಡ್ಡವಾಗಿ. ಗೀರು ಬೀಳದ ಜಾಗ ಕಂಡಿತಾ? ಅದೇ ತಗ್ಗು. ಅಲ್ಲಿಗೆ ಚೂರು ಮಣ್ಣು ಮೆತ್ತಿ, ಮತ್ತೆ ಕೆರೆಯಿರಿ. ದೀಪವನ್ನು ಪಕ್ಕದಲ್ಲಿಡಿ. ತಲೆಯ ಮೇಲಿನ ಟ್ಯೂಬ್‌ಲೈಟು ಎಲ್ಲ ತಪ್ಪನ್ನೂ ಮುಚ್ಚಿಡುತ್ತದೆ.

ಆಮೇಲೆ ಸಣ್ಣ ಹಲ್ಲಿನದು. ಗಿಟಾರಿನ ಸುರುಳಿ ಸುತ್ತಿದ ದಪ್ಪ ತಂತಿಯನ್ನು ಬಳೆಯಂತೆ ಬಗ್ಗಿಸಿ ಕಡ್ಡಿಗೆ ಕಟ್ಟಿಕೊಂಡರೂ ಆಯ್ತು, ಅದರ ಸುರುಳಿಯೇ ಸಣ್ಣ ಹಲ್ಲಿನ ಕೆಲಸ ಮಾಡುತ್ತದೆ. ಕೊನೆಗೆ ಅವಧಿ ಮುಗಿದ ಎಟಿಎಂ ಕಾರ್ಡು. ಕೆನ್ನೆಯ ದುಂಡಿಗೆ ತಕ್ಕಂತೆ ಬಾಗಿಸಿ ಎಳೆಯಿರಿ. ರೆಪ್ಪೆ, ತುಟಿಯಂಥ ಕಡೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಲಿನಿಂದ ಕಡ್ಡಿಯಲ್ಲಿ ಒತ್ತಿ. ಅಂಚು ತಾನಾಗಿ ದುಂಡಗಾಗುತ್ತದೆ. ಬೇಸಿಗೆಯಲ್ಲಿ ಮಣ್ಣು ಅಂಟಂಟಾದರೆ, ಸಣ್ಣ ಮೂರ್ತಿಯಾದರೆ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಿ. ಮನೆಯವರು ಬೈದರೆ ನಾನು ಜವಾಬ್ದಾರನಲ್ಲ.

ಮಣ್ಣಿನ ಮೇಲ್ಪದರವನ್ನು ಮೆತ್ತಗಾಗಿಸುವ ಟರ್ಪೆಂಟೈನ್, ಐಸೊಪ್ರೊಪೈಲ್ ಆಲ್ಕೋಹಾಲ್‌ನಂಥ ದ್ರವಗಳು ಎಲ್ಲಕ್ಕಿಂತ ಕೊನೆಗೆ. ಹೊಸಬರು ಆತುರಪಡುವುದು ಇಲ್ಲೇ. ಬ್ರಷ್ಷನ್ನು ಅದ್ದಿ, ಬಟ್ಟೆಗೆ ಒರೆಸಿ, ಅರೆಒಣಗಿದ ಬ್ರಷ್ಷಿನಿಂದ ಸವರಿ. ಜಾಸ್ತಿಯಾದರೆ ಮಣ್ಣು ಗಂಜಿಯಾಗಿ, ನೀವು ಕಷ್ಟಪಟ್ಟು ತೆಗೆದ ಗೆರೆಗಳಲ್ಲೇ ಹೋಗಿ ಕೂರುತ್ತದೆ. ಮೊದಲು ಒಂದು ಉಂಡೆಯ ಮೇಲೆ ಪ್ರಯೋಗಿಸಿ. ಎರಡಕ್ಕೂ ಬೇಗ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿರಲಿ, ಗ್ಲೌಸ್ ಇರಲಿ, ಹತ್ತಿರದಲ್ಲಿ ಊದುಬತ್ತಿಯೂ ಬೇಡ.

ಮುಖ ಮಾಡುತ್ತಿದ್ದರೆ ಇನ್ನೊಂದು ಮಾತು. ತೀರಾ ನುಣ್ಣಗಾದ ಚರ್ಮ ಗೊಂಬೆಯಂತೆ ಕಾಣುತ್ತದೆ. ಆಗ ಮೂಗು, ಕೆನ್ನೆಯ ಮೇಲೆ ಕಿತ್ತಳೆ ಸಿಪ್ಪೆಯನ್ನು ಮೆಲ್ಲಗೆ ಒತ್ತಿ ತೆಗೆಯಿರಿ, ಚರ್ಮದ ರಂಧ್ರಗಳಂಥ ಗುರುತು ಮೂಡುತ್ತದೆ. ಹಣ್ಣನ್ನು ಅಷ್ಟರಲ್ಲಿ ತಿಂದು ಮುಗಿಸಿರಬಹುದು.

ನಮಸ್ಕಾರ.