ತೋಳು ಒಂದೇ, ಮಕ್ಕಳು ಅರವತ್ತು

ಕೇಳುಗರಿಗೆ ನಮಸ್ಕಾರ.

ನಮ್ಮ ನರ್ಸಿಂಗ್ ಕಾಲೇಜಿನ ಲ್ಯಾಬಿನಲ್ಲಿ ಒಂದು ರಬ್ಬರಿನ ತೋಳಿದೆ. ಮಕ್ಕಳು ಸೂಜಿ ಚುಚ್ಚೋದನ್ನು ಕಲಿಯುವುದು ಅದರ ಮೇಲೆ. ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಜರಡಿಯಾಗಿದೆ. ಒಳಗಿನ ಟ್ಯೂಬಿಗೆ ಕೆಂಪು ನೀರು ಬಿಟ್ಟರೆ ಮೊಣಕೈ ಹತ್ತಿರ ಸೋರುತ್ತದೆ. ತರಗತಿಯಲ್ಲಿ ಮಕ್ಕಳು 60.

2021ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಬಿ.ಎಸ್ಸಿ. ನರ್ಸಿಂಗ್‌ಗೆ ಹೊಸ ಪಠ್ಯಕ್ರಮ ತಂದಾಗ ನನಗೆ ಮೊದಲು ನೆನಪಾದದ್ದು ಈ ತೋಳೇ. ವರ್ಷದ ಪದ್ಧತಿ ಹೋಗಿ 8 ಸೆಮಿಸ್ಟರ್ ಬಂತು. ಓದಿ ಬರೆದರೆ ಸಾಲದು, ಮಾಡಿ ತೋರಿಸಬೇಕು ಅಂತ ಅದು ಹೇಳುತ್ತದೆ. ಒಪ್ಪೋ ಮಾತೇ. ನಮ್ಮ ಕೆಲಸ ಇರುವುದೇ ಕೈಯಲ್ಲಿ, ಅಲ್ವಾ? ಆದರೆ ಮಾಡೋದಕ್ಕೆ ಸಾಮಾನು ಬೇಕು, ಪಕ್ಕದಲ್ಲಿ ನಿಂತು ನೋಡೋದಕ್ಕೆ ಜನ ಬೇಕು.

ಈ ಪಠ್ಯಕ್ರಮದಲ್ಲಿ ಆಸ್ಕಿ (OSCE) ಅಂತ ಕೈಕೆಲಸದ ಒಂದು ಪರೀಕ್ಷೆ ಇದೆ. ಒಂದು ಮೇಜಿನಲ್ಲಿ ಬಿ.ಪಿ. ನೋಡೋದು, ಇನ್ನೊಂದರಲ್ಲಿ ಡ್ರೆಸಿಂಗ್. ಗಂಟೆ ಹೊಡೆದಂತೆ ಮಕ್ಕಳು ಮುಂದಿನ ಮೇಜಿಗೆ ಹೋಗಬೇಕು. ಮೇಜಿಗೊಬ್ಬ ಟೀಚರ್ ಕೂತು ಅಂಕ ಹಾಕಬೇಕು. ನಾವು ಓದುವಾಗ ಇಂಥ ಪರೀಕ್ಷೆ ಕಂಡವರಲ್ಲ. ಮೊದಲ ಸಲ ಒಬ್ಬ ಹುಡುಗಿ ಎರಡೂ ಮೇಜಿನಲ್ಲಿ ಕೈ ತೊಳೆಯೋದು ಮರೆತಳು. ನಾನು ಅರ್ಧ ಅಂಕ ಕಳೆದೆ, ಪಕ್ಕದ ಮೇಡಂ ಎರಡು ಕಳೆದರು. ತಪ್ಪು ಒಂದೇ! ಯಾರು ಸರಿ ಅಂತ ನಾವಿಬ್ಬರೂ ಸಂಜೆವರೆಗೆ ವಾದ ಮಾಡಿದೆವು. ಇದನ್ನು ನಮಗೆ ಮೊದಲು ಯಾರಾದರೂ ಕಲಿಸಬೇಕಿತ್ತು.

ಹಳೇ ಬ್ಯಾಚು ಮುಗಿಯುವವರೆಗೆ ಅವರಿಗೆ ವರ್ಷದ ಪದ್ಧತಿ, ಹೊಸಬರಿಗೆ ಸೆಮಿಸ್ಟರ್, ಎರಡಕ್ಕೂ ನಾವೇ ಇದ್ದೆವು. ಆ ಗೋಳು ಈಗ ಬೇಡ ಬಿಡಿ.

ನನಗೆ ಜಾಸ್ತಿ ಚಿಂತೆ ಮೊದಲ ಸೆಮಿಸ್ಟರಿನದು. ಹಿಂದೆ ಅನಾಟಮಿ, ಫಿಸಿಯಾಲಜಿಗೆ, ಅಂದರೆ ದೇಹದ ರಚನೆ ಮತ್ತು ಅದು ಕೆಲಸ ಮಾಡುವ ಬಗೆಯ ಪಾಠಕ್ಕೆ, ಇಡೀ ವರ್ಷ ಸಿಗುತ್ತಿತ್ತು. ಈಗ ಎರಡೂ 20 ವಾರದಲ್ಲಿ ಮುಗಿಯಬೇಕು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ‘ಸ್ಕ್ಯಾಪ್ಯುಲಾ’ ಅಂದರೆ ಸುಮ್ನೆ ತಲೆಯಾಡಿಸುತ್ತಾರೆ. ಬೆನ್ನಿನ ಮೇಲೆ ಬೆರಳಿಟ್ಟು, ಇದೇ ಕಣಮ್ಮ ಭುಜದ ಹಲಗೆ ಮೂಳೆ ಅಂದರೆ ಮುಖ ಅರಳುತ್ತದೆ. ಹೀಗೆ ಒಂದೊಂದೂ ಮುಟ್ಟಿ ತೋರಿಸೋಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಇಂಟರ್ನಲ್ಸ್ ಬಂದಿರುತ್ತದೆ.

ಈಗ ಕಲಿಕೆಯನ್ನು ಕ್ರೆಡಿಟ್ ಅನ್ನೋ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ; ವಾರ್ಡಿನಲ್ಲಿ ಒಂದು ಕ್ರೆಡಿಟ್ ಅಂದರೆ 80 ಗಂಟೆ. ಹಾಸಿಗೆಯ ಸುತ್ತ ಎಂಟು ಮಕ್ಕಳು ನಿಂತಿರುತ್ತಾರೆ. ಒಬ್ಬಳು ಮಾಡುತ್ತಾಳೆ, ಏಳು ಜನ ನೋಡುತ್ತಾರೆ. ಸಂಜೆ ಎಂಟು ಲಾಗ್‌ಬುಕ್, ಅಂದರೆ ತಾವು ಮಾಡಿದ ಕೆಲಸ ಬರೆದಿಡುವ ಪುಸ್ತಕ, ನನ್ನ ಮುಂದೆ, ಸಹಿಗೆ. ಈಚೆಗೆ ನಾನು ಏಳನ್ನು ವಾಪಸ್ ಕೊಡುತ್ತಿದ್ದೇನೆ. ಮಕ್ಕಳು ಮುನಿಸಿಕೊಳ್ಳುತ್ತಾರೆ.

ಹೊಸ ತೋಳಿಗೆ ಅರ್ಜಿ ಹೋಗಿದೆ. ಸದ್ಯಕ್ಕೆ ಹಳೆಯದಕ್ಕೆ ಸೈಕಲ್ ಪಂಕ್ಚರಿನ ಅಂಟು ಹಚ್ಚಿ ಒಣಗಲು ಇಟ್ಟು ಬಂದಿದ್ದೇನೆ. ನಾಳೆ ಬೆಳಿಗ್ಗೆ 9ಕ್ಕೆ ಮೊದಲ ಬ್ಯಾಚು.

ನಮಸ್ಕಾರ.