ಜೋಡಿ ಮುರಿದ ಎರಡು ಊರುಗಳು

ಎಲ್ರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ ಊಟ ಮುಗಿಸ್ಕೊಂಡು ಇಷ್ಟು ಜನ ಬಂದು ಕೂತಿದ್ದೀರ, ನಂಗೆ ನಿಜವಾಗ್ಲೂ ಖುಷಿ ಆಯ್ತು. ನಿಮ್ಮಲ್ಲಿ ತುಂಬಾ ಜನರ ಮಕ್ಕಳು ಇಲ್ಲೇ ಸಿಯಾಟಲ್ ಸುತ್ತಮುತ್ತ ಹೈಸ್ಕೂಲಲ್ಲಿ ಓದ್ತಾ ಈಜು, ಟೆನಿಸ್ಸು, ಟ್ರ್ಯಾಕು ಅಂತ ಓಡಾಡ್ತಿದ್ದಾರೆ, ನಾಳೆ ಕಾಲೇಜಿಗೆ ಹೋದಾಗ ಅಲ್ಲೂ ಆಡ್ಬೇಕು ಅಂತ ಆಸೆ ಇಟ್ಕೊಂಡಿದ್ದಾರೆ. ಇವತ್ತು ನಾನು ಮಾತಾಡೋದು ಪಶ್ಚಿಮದ ಯೂನಿವರ್ಸಿಟಿಗಳ ಪ್ಯಾಕ್-12 ಅನ್ನೋ ಆಟದ ಗುಂಪು ಒಡೆದ ಕಥೆ, ಹಾಗಾಗಿ ಇದು ಯಾರದ್ದೋ ದೂರದ ಮನೇದಲ್ಲ.

ಒಂದು ಕಾಗದದಿಂದ ಶುರು ಮಾಡ್ತೀನಿ. 2002ರ ಆಗಸ್ಟಲ್ಲಿ ನಾನು ಎಂಎಸ್ ಮಾಡೋಕೆ ಪುಲ್ಮನ್‌ಗೆ ಬಂದೆ, ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಗೆ. ಇಲ್ಲಿಂದ ಪೂರ್ವಕ್ಕೆ ಐದು ಗಂಟೆ ಡ್ರೈವ್, ಕೊನೇ ಎರಡು ಗಂಟೆ ಬರೀ ಗೋಧಿ ಹೊಲದ ಗುಡ್ಡಗಳು, ಒಂದಾದ್ಮೇಲೆ ಒಂದು, ಇದೆಲ್ಲಾದ್ರೂ ಮುಗಿಯುತ್ತಾ ಅನ್ನಿಸ್ಬಿಡುತ್ತೆ. ನಂದು ಟಿಎ, ಅಂದ್ರೆ ಟೀಚಿಂಗ್ ಅಸಿಸ್ಟೆಂಟ್ ಕೆಲಸ, ಒಂದು ಲ್ಯಾಬ್ ಸೆಕ್ಷನ್ ನೋಡ್ಕೋಬೇಕಿತ್ತು. ಸೆಪ್ಟೆಂಬರ್ ಕೊನೇಲಿ ವಾಲಿಬಾಲ್ ಟೀಮಿನ ಒಬ್ಬ ಹುಡುಗಿ ಬಂದು ಒಂದು ಕಾಗದ ಕೊಟ್ಳು. ಟ್ರಾವೆಲ್ ಲೆಟರ್ ಅಂತಾರೆ ಅದಕ್ಕೆ, ಯಾವ್ಯಾವ ದಿನ ಟೀಮ್ ಜೊತೆ ಹೊರಗಿರ್ತಾಳೆ, ಯಾವ ಲ್ಯಾಬ್ ತಪ್ಪುತ್ತೆ, ಅದನ್ನ ಮುಂಚೇನೇ ಮಾಡಿಕೊಡೋಕೆ ಅವಕಾಶ ಕೊಡಿ ಅಂತ. ನಾನು ಅದನ್ನ ಓದ್ತಾ ಕೂತೆ. ಒಂದು ವಾರಾಂತ್ಯ ಯುಜೀನ್ ಮತ್ತೆ ಕೊರ್ವಾಲಿಸ್. ಇನ್ನೊಂದು ವಾರಾಂತ್ಯ ಟೂಸಾನ್ ಮತ್ತೆ ಟೆಂಪಿ. ಆಮೇಲೆ ಬರ್ಕ್ಲಿ ಮತ್ತೆ ಸ್ಟ್ಯಾನ್‌ಫರ್ಡ್. ಎಲ್ಲಾ ಜೋಡಿ ಜೋಡಿ. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ಅವಳು ಹೇಳಿದ್ಳು, ಒಂದು ಸಲ ವಿಮಾನ ಹತ್ತಿದ್ರೆ ಅಕ್ಕಪಕ್ಕದ ಎರಡು ಸ್ಕೂಲಲ್ಲೂ ಆಡಿ ಬಂದ್ಬಿಡ್ತೀವಿ, ಭಾನುವಾರ ರಾತ್ರಿ ಮನೆ, ಸೋಮವಾರ ಕ್ಲಾಸು.

ಈ ಒಂದು ಮಾತಲ್ಲೇ ಕಾನ್ಫರೆನ್ಸ್ ಅಂದ್ರೆ ಏನು ಅನ್ನೋದು ಬಂದ್ಬಿಡ್ತು. ಹತ್ತು ಹನ್ನೆರಡು ಯೂನಿವರ್ಸಿಟಿಗಳು ಸೇರ್ಕೊಂಡು ಪ್ರತಿವರ್ಷ ನಮ್ಮನಮ್ಮಲ್ಲೇ ಆಡೋಣ, ರೂಲ್ಸು ಒಂದೇ ಇರ್ಲಿ, ಬಂದ ದುಡ್ಡು ಹಂಚ್ಕೊಳ್ಳೋಣ ಅಂತ ಮಾಡ್ಕೊಂಡ ಒಪ್ಪಂದ. ಪಶ್ಚಿಮದ ಈ ಗುಂಪು ಹುಟ್ಟಿದ್ದು 1915ರಲ್ಲಿ, ಪೋರ್ಟ್‌ಲೆಂಡಲ್ಲಿ, ನಾಲ್ಕು ಸ್ಕೂಲಿಂದ: ವಾಷಿಂಗ್ಟನ್, ಆರೆಗನ್, ಕ್ಯಾಲಿಫೋರ್ನಿಯಾದ ಬರ್ಕ್ಲಿ, ಮತ್ತೆ ಈಗ ಆರೆಗನ್ ಸ್ಟೇಟ್ ಅನ್ನೋ ಕೊರ್ವಾಲಿಸ್‌ನ ಕೃಷಿ ಕಾಲೇಜು. ಎರಡು ವರ್ಷ ಬಿಟ್ಟು ನಮ್ಮ ಪುಲ್ಮನ್ ಸೇರ್ತು. ನಡುವೆ 1959ರಲ್ಲಿ ಒಂದ್ಸಲ ಒಡೆದು ಮತ್ತೆ ಕೂಡ್ಕೊಂಡ್ರು, ಪ್ಯಾಕ್-8 ಆಯ್ತು, 1978ಕ್ಕೆ ಪ್ಯಾಕ್-10, 2011ಕ್ಕೆ ಯೂಟಾ ಕೊಲೊರಾಡೊ ಬಂದು ಪ್ಯಾಕ್-12. ನೋಡಿ, ಹನ್ನೆರಡು ಸ್ಕೂಲು, ಆರು ಜೋಡಿ. ಈ ಆರು ಜೋಡಿನ ನೆನಪಲ್ಲಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ದುಡ್ಡಿನ ವಿಷಯ. 1984ರ ತನಕ ಕಾಲೇಜು ಫುಟ್‌ಬಾಲ್ ಟಿವೀಲಿ ಯಾವ ಮ್ಯಾಚ್ ಬರ್ಬೇಕು, ಒಂದು ಟೀಮು ಎಷ್ಟು ಸಲ ಬರ್ಬೇಕು ಅನ್ನೋದನ್ನ ಕಾಲೇಜು ಆಟಗಳನ್ನ ನೋಡ್ಕೊಳ್ಳೋ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಒಂದೇ ನಿರ್ಧಾರ ಮಾಡ್ತಿತ್ತು. ಒಕ್ಲಹೋಮ ಮತ್ತೆ ಜಾರ್ಜಿಯಾ ಯೂನಿವರ್ಸಿಟಿಗಳು ಕೇಸ್ ಹಾಕಿದ್ವು, ಸುಪ್ರೀಂ ಕೋರ್ಟು 7-2ರಲ್ಲಿ ಇದು ಏಕಸ್ವಾಮ್ಯ, ಕಾನೂನಿಗೆ ವಿರುದ್ಧ ಅಂತು. ಭಿನ್ನ ತೀರ್ಪು ಬರೆದವರು ಜಸ್ಟಿಸ್ ಬೈರನ್ ವೈಟ್, ಅವರೇ ಒಂದು ಕಾಲಕ್ಕೆ ಕೊಲೊರಾಡೊ ಯೂನಿವರ್ಸಿಟಿಯ ದೊಡ್ಡ ಫುಟ್‌ಬಾಲ್ ಆಟಗಾರ. ಕಾಲೇಜು ಆಟ ಅನ್ನೋದು ಬರೀ ವ್ಯಾಪಾರ ಅಲ್ಲ, ಹಾಗಾಗಿ ವ್ಯಾಪಾರದ ಕಾನೂನನ್ನ ಹಾಗೇ ತಂದು ಇಲ್ಲಿ ಹಾಕ್ಬಾರ್ದು ಅನ್ನೋದು ಅವರ ವಾದ. ಕಾನೂನಿನ ಲೆಕ್ಕದಲ್ಲಿ ಬಹುಮತವೇ ಸರಿ ಇರ್ಬಹುದು, ಆದ್ರೆ ಮುಂದೆ ಆಗಿದ್ದನ್ನ ನೋಡಿದ್ರೆ ವೈಟ್ ಹೇಳಿದ್ದರಲ್ಲಿ ತೂಕ ಇತ್ತು ಅಂತ ನಂಗನ್ಸುತ್ತೆ. ಅಲ್ಲಿಂದಾಚೆಗೆ ಟಿವಿ ಹಕ್ಕು ಮಾರೋದು ಕಾನ್ಫರೆನ್ಸ್‌ಗಳ ಕೈಗೆ ಬಂತು, ಟಿವಿಗೆ ಬೇಕಾಗಿದ್ದು ದೊಡ್ಡ ಊರು, ದೊಡ್ಡ ಹೆಸರು, ಅವನ್ನ ಯಾರು ತಮ್ಮ ಗುಂಪಿಗೆ ಎಳ್ಕೋತಾರೋ ಅವರಿಗೆ ಜಾಸ್ತಿ ದುಡ್ಡು, ಹಾಗಾಗಿ ಗುಂಪು ಬಿಟ್ಟು ಗುಂಪು ಸೇರೋ ಆಟ ಶುರುವಾಯ್ತು.

ಪ್ಯಾಕ್-12 ಎಡವಿದ್ದು ಎಲ್ಲಿ? ನನ್ನ ಪ್ರಕಾರ 2012ರಲ್ಲಿ ಸ್ವಂತ ಚಾನೆಲ್ ಮಾಡ್ದಾಗ. ಬೇರೆ ಕಾನ್ಫರೆನ್ಸ್‌ಗಳು ಫಾಕ್ಸ್, ಇಎಸ್‌ಪಿಎನ್ ಥರದ ಟಿವಿ ಕಂಪನಿಗಳ ಜೊತೆ ಪಾಲುದಾರಿಕೆ ಮಾಡ್ಕೊಂಡ್ವು, ಇವರು ಪೂರ್ತಿ ನಮ್ದೇ ಇರ್ಲಿ ಅಂದ್ರು. ಡೈರೆಕ್‌ಟಿವಿ ಅನ್ನೋ ದೊಡ್ಡ ಡಿಶ್ ಕಂಪನಿ ಜೊತೆ ಒಪ್ಪಂದ ಕೊನೇವರೆಗೂ ಆಗ್ಲೇ ಇಲ್ಲ. ಮ್ಯಾಚ್ ಇದ್ರೂ ಲಕ್ಷಾಂತರ ಮನೆಗೆ ಬರ್ತಿರ್ಲಿಲ್ಲ. 2022ರ ಜೂನ್ 30ಕ್ಕೆ ಲಾಸ್ ಏಂಜಲಿಸಿನ ಎರಡು ಸ್ಕೂಲು, ಯುಎಸ್‌ಸಿ ಮತ್ತೆ ಯುಸಿಎಲ್‌ಎ, ನಾವು ಬಿಗ್ ಟೆನ್ ಅನ್ನೋ ಬೇರೆ ಕಾನ್ಫರೆನ್ಸ್‌ಗೆ ಹೋಗ್ತೀವಿ ಅಂದ್ಬಿಟ್ವು. ಲಾಸ್ ಏಂಜಲಿಸ್ ಹೋಯ್ತು ಅಂದ್ರೆ ಟಿವಿಯವರಿಗೆ ಮನೆಯ ಮುಂಬಾಗಿಲೇ ಹೋದ ಹಾಗೆ. ಆ ಆಗಸ್ಟಲ್ಲೇ ಬಿಗ್ ಟೆನ್ ಏಳು ವರ್ಷಕ್ಕೆ 7 ಬಿಲಿಯನ್ ಡಾಲರಿಗೂ ಮೇಲಿನ ಒಪ್ಪಂದ ಮಾಡ್ಕೊಂತು. ಇಎಸ್‌ಪಿಎನ್ ಒಂದು ಸ್ಕೂಲಿಗೆ ವರ್ಷಕ್ಕೆ 30 ಮಿಲಿಯನ್ ಕೊಡ್ತೀವಿ ಅಂದ್ರೆ ಪ್ಯಾಕ್-12ನವರು 50 ಕೇಳಿದ್ರು ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು. ಅಷ್ಟೊತ್ತಿಗೆ ಬಿಗ್ 12 ಅನ್ನೋ ಇನ್ನೊಂದು ಕಾನ್ಫರೆನ್ಸಿನವರು 31.7 ಮಿಲಿಯನ್‌ಗೆ ಸಹಿ ಹಾಕಿ ಮುಗಿಸಿದ್ರು. ಇವರ ಕೈಗೆ ಕೊನೆಗೆ ಸಿಕ್ಕಿದ್ದು ಆಪಲ್‌ನ ಸ್ಟ್ರೀಮಿಂಗ್ ಆಫರ್, ಎಷ್ಟು ಜನ ಚಂದಾದಾರರಾಗ್ತಾರೋ ಅದರ ಮೇಲೆ ದುಡ್ಡು.

2023ರ ಆಗಸ್ಟ್ 4, ಶುಕ್ರವಾರ. ವಾರದ ಹಿಂದೆ ಕೊಲೊರಾಡೊ ಬಿಟ್ಟು ಹೋಗಿತ್ತು, ಒಂಬತ್ತು ಉಳಿದಿದ್ವು. ಬೆಳಿಗ್ಗೆ ಒಂಬತ್ತೂ ಸೇರಿ ಆಪಲ್ ಒಪ್ಪಂದಕ್ಕೆ ಸಹಿ ಹಾಕ್ತಾರೆ ಅನ್ನೋ ನಂಬಿಕೆ ಇತ್ತು. ರಾತ್ರಿ ಒಳಗೆ ವಾಷಿಂಗ್ಟನ್, ಆರೆಗನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಗೆ. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್ ಮತ್ತೆ ಬರ್ಕ್ಲಿ ಎಸಿಸಿ ಸೇರಿದ್ವು. ಎಸಿಸಿ ಅಂದ್ರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಈ ಎರಡು ಸ್ಕೂಲು ಇರೋದು ಪೆಸಿಫಿಕ್ ಕಡೆ. ಅದೂ ಸೇರಿದ್ಮೇಲೆ ಮೊದಲ ಏಳು ವರ್ಷ ಮಾಮೂಲಿ ಟಿವಿ ಪಾಲಿನ ಶೇಕಡಾ 30 ಮಾತ್ರ ತಗೋತೀವಿ ಅಂತ ಒಪ್ಕೊಂಡು ಹೋದ್ವು.

ಈಗ ಆರು ಜೋಡಿಗೆ ಬನ್ನಿ. ಲಾಸ್ ಏಂಜಲಿಸಿನ ಎರಡೂ ಒಟ್ಟಿಗೆ ಹೋದ್ವು. ಅರಿಜೋನಾದ ಎರಡೂ ಒಟ್ಟಿಗೆ. ಯೂಟಾ ಕೊಲೊರಾಡೊ ಒಂದೇ ಕಡೆ ಸೇರಿದ್ವು. ಸ್ಟ್ಯಾನ್‌ಫರ್ಡ್ ಬರ್ಕ್ಲಿ ಕೈ ಬಿಡ್ಲಿಲ್ಲ. ನಾಲ್ಕು ಜೋಡಿ ಹಾಗೇ ಉಳಿದ್ವು. ಮುರಿದಿದ್ದು ಎರಡೇ ಎರಡು, ಎರಡೂ ನಮ್ಮ ವಾಯುವ್ಯದ್ದು. ವಾಷಿಂಗ್ಟನ್ ಹೋಯ್ತು, ವಾಷಿಂಗ್ಟನ್ ಸ್ಟೇಟ್ ಉಳೀತು. ಆರೆಗನ್ ಹೋಯ್ತು, ಆರೆಗನ್ ಸ್ಟೇಟ್ ಉಳೀತು. ಉಳಿದ ಎರಡೂ ಲ್ಯಾಂಡ್ ಗ್ರಾಂಟ್ ಯೂನಿವರ್ಸಿಟಿಗಳು, ರೈತರ ಮಕ್ಕಳು ಓದ್ಲಿ ಅಂತ ಸರ್ಕಾರ ಜಮೀನು ಕೊಟ್ಟು ಕಟ್ಟಿಸಿದ್ದು, ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಇದೇ ಮಾದರಿ ಇಟ್ಕೊಂಡೇ ಶುರುವಾಗಿದ್ದು. ನಂಗೆ ಇದು ಇವತ್ತಿಗೂ ಹೊಟ್ಟೇಲಿ ಸಂಕಟ ಆಗೋ ವಿಷಯ. ಯಾಕಂದ್ರೆ ಇವೆರಡೂ ಆಟದಲ್ಲಿ ಹಿಂದೆ ಬಿದ್ದಿರ್ಲಿಲ್ಲ. ಪುಲ್ಮನ್ ಜನಸಂಖ್ಯೆ ಸುಮಾರು 33 ಸಾವಿರ, ಸ್ಟೇಡಿಯಂ ಸೀಟೂ ಹೆಚ್ಚೂಕಮ್ಮಿ ಅಷ್ಟೇ. ಕೊರ್ವಾಲಿಸ್‌ನವರು 160 ಮಿಲಿಯನ್ ಡಾಲರಿಗೂ ಮೇಲೆ ಖರ್ಚು ಮಾಡಿ ಸ್ಟೇಡಿಯಂ ಹೊಸದು ಮಾಡಿ ಮುಗಿಸಿದ್ದು ಅದೇ 2023ರಲ್ಲಿ. ಸುತ್ತ ಟಿವಿ ಇರೋ ಮನೆಗಳು ಕಮ್ಮಿ, ಅಷ್ಟೇ ಅವರ ತಪ್ಪು.

ಆ ಸೆಪ್ಟೆಂಬರ್ 23ಕ್ಕೆ ಈ ಎರಡೂ ಪುಲ್ಮನ್‌ನಲ್ಲಿ ಎದುರಾದ್ವು. ನಾನು ಮಗನ್ನ ಕರ್ಕೊಂಡು ಹೋಗಿದ್ದೆ. ಎರಡೂ ಟಾಪ್ 25ರಲ್ಲಿದ್ದ ಟೀಮುಗಳು. ನಮ್ಮ ಪಕ್ಕದಲ್ಲಿ ಕೇಸರಿ ಕಪ್ಪು ಬಟ್ಟೆ ಹಾಕಿದ್ದ ಆರೆಗನ್ ಸ್ಟೇಟಿನ ವಯಸ್ಸಾದ ಗಂಡಹೆಂಡ್ತಿ ಕೂತಿದ್ರು, ಪುಲ್ಮನ್‌ನವರು ಯಾರೋ ಅವರಿಗೆ ಕೂಗರ್ ಗೋಲ್ಡ್ ಚೀಸ್ ಡಬ್ಬಿ ಕೊಟ್ಟಿದ್ರು. ಗೊತ್ತಲ್ಲ ನಿಮ್ಗೆ, ಯೂನಿವರ್ಸಿಟಿ ಡೈರೀಲೇ ಮಾಡಿ ತಗಡಿನ ಡಬ್ಬೀಲಿ ತುಂಬಿ ಮಾರ್ತಾರೆ. ಆ ಅಜ್ಜಿ ಅದನ್ನ ಇಡೀ ಮ್ಯಾಚ್ ಮಡಿಲಲ್ಲೇ ಇಟ್ಕೊಂಡಿದ್ರು. 38-35ಕ್ಕೆ ನಾವು ಗೆದ್ವಿ. ಹೋಗುವಾಗ ಅವರು ನನ್ನ ಮಗನ ತಲೆ ಸವರಿ, ಮುಂದಿನ ವರ್ಷ ಕೊರ್ವಾಲಿಸ್‌ಗೆ ಬನ್ನಿ, ನಾವಂತೂ ಇರ್ತೀವಲ್ಲ ಅಂದ್ರು.

ಆಮೇಲೆ ನಡೆದಿದ್ದು ಥೇಟ್ ಕೂಡುಕುಟುಂಬ ಪಾಲಾದ ಹಾಗೆ. ಹತ್ತು ಜನ ಮನೆ ಬಿಟ್ಟು ಹೊರಟಿದ್ದಾರೆ, ಆದ್ರೆ ತಿಜೋರಿ ಕೀಲಿ ಯಾರ ಕೈಲಿರ್ಬೇಕು ಅನ್ನೋದಕ್ಕೆ ವೋಟು ಹಾಕೋಕೆ ಅವರಿಗೂ ಹಕ್ಕಿದೆ ಅಂತಾರೆ. ಉಳಿದ ಇಬ್ಬರು ಪುಲ್ಮನ್ ಪಕ್ಕದ ಕೋಲ್‌ಫ್ಯಾಕ್ಸ್ ಅನ್ನೋ ಸಣ್ಣ ಊರಿನ ಕೌಂಟಿ ಕೋರ್ಟಿಗೆ ಹೋದ್ರು. ಅವರ ವಾದ ಸರಳ: ಬಿಟ್ಟು ಹೋಗ್ತೀನಿ ಅಂತ ನೋಟಿಸ್ ಕೊಟ್ಟವರಿಗೆ ಬೋರ್ಡಲ್ಲಿ ಜಾಗ ಇಲ್ಲ ಅಂತ ಬೈಲಾದಲ್ಲಿದೆ, ಯುಎಸ್‌ಸಿ ಯುಸಿಎಲ್‌ಎ ಹೋದಾಗ ನೀವೆಲ್ಲಾ ಸೇರಿ ಅವರನ್ನ ಹೊರಗಿಟ್ರಲ್ಲ, ಅದೇ ನಿಯಮ ಈಗ ನಿಮ್ಗೂ. ನವೆಂಬರಲ್ಲಿ ಜಡ್ಜ್ ಗ್ಯಾರಿ ಲಿಬಿ ಒಪ್ಪಿದ್ರು, ಡಿಸೆಂಬರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಮಧ್ಯ ಬರಲ್ಲ ಅಂತು. ಆಮೇಲೆ ರಾಜಿ ಆಯ್ತು. ಮನೆ ಸಿಕ್ತು, ಕೀಲಿ ಸಿಕ್ತು, ಮನೆ ಮೇಲಿದ್ದ ಕೇಸುಗಳೂ ಜೊತೇಲೇ ಬಂದ್ವು. ಎಂಟು ಸ್ಕೂಲಿಲ್ದೆ ಕಾನ್ಫರೆನ್ಸ್ ಅಂತ ಕರೆಸ್ಕೊಳ್ಳೋ ಹಾಗಿಲ್ಲ, ಆದ್ರೆ ಎನ್‌ಸಿಎಎ ಎರಡು ವರ್ಷ ಗಡುವು ಕೊಡುತ್ತೆ, ಆ ಎರಡು ವರ್ಷ ಇಬ್ಬರೇ ಸೇರಿ ಪ್ಯಾಕ್-12 ಹೆಸರು ಎತ್ತಿ ಹಿಡಿದ್ರು.

ಆದ್ರೆ ಆಟಗಾರರು ಕೋಚುಗಳು ಯಾಕೆ ಕಾಯ್ತಾರೆ, ಹೇಳಿ. ಆರೆಗನ್ ಸ್ಟೇಟ್ ಕೋಚ್ ಜೊನಾಥನ್ ಸ್ಮಿತ್, ಅದೇ ಕಾಲೇಜಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು, 2023ರ ನವೆಂಬರಲ್ಲಿ ಮಿಷಿಗನ್ ಸ್ಟೇಟ್‌ಗೆ ಹೋದ್ರು. ನಮ್ಮ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ ಮಯಾಮಿಗೆ ಹೋಗಿ 2025ರಲ್ಲಿ ವೃತ್ತಿಪರ ಟೀಮುಗಳು ಆಟಗಾರರನ್ನ ಆರಿಸ್ಕೊಳ್ಳೋ ಎನ್‌ಎಫ್‌ಎಲ್ ಡ್ರಾಫ್ಟಲ್ಲಿ ಮೊದಲನೆಯವನಾದ. ಅವನ ಜಾಗಕ್ಕೆ ಬಂದ ಜಾನ್ ಮಟೀರ್ ಒಂದು ವರ್ಷ ಚೆನ್ನಾಗಿ ಆಡಿ ಒಕ್ಲಹೋಮಕ್ಕೆ ಹೋದ, ಕೋಚ್ ಜೇಕ್ ಡಿಕರ್ಟ್ ವೇಕ್ ಫಾರೆಸ್ಟ್‌ಗೆ. ಆರೆಗನ್ ಸ್ಟೇಟ್ ಮಹಿಳಾ ಬ್ಯಾಸ್ಕೆಟ್‌ಬಾಲ್ ಟೀಮು 2024ರ ಮಾರ್ಚಲ್ಲಿ ದೇಶದ ಕೊನೇ ಎಂಟರಲ್ಲಿತ್ತು, ಕೆಲವೇ ವಾರಗಳಲ್ಲಿ ಪ್ರಮುಖ ಆಟಗಾರ್ತಿಯರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದ್ರು. ಕೋಚ್ ಸ್ಕಾಟ್ ರೂಕ್ ಮಾತ್ರ ಉಳಿದ್ರು, ಹೆಚ್ಚುಕಮ್ಮಿ ಹೊಸ ಟೀಮೇ ಕಟ್ಟಿ ಮುಂದಿನ ಮಾರ್ಚಲ್ಲೇ, ಆಗ ತಾತ್ಕಾಲಿಕವಾಗಿ ಆಡ್ತಿದ್ದ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ಟೂರ್ನಿ ಗೆಲ್ಲಿಸಿದ್ರು. ನಂಗೆ ಇವರ ಮೇಲಿರೋ ಗೌರವ ಎಷ್ಟು ಅಂತ ಹೇಳೋಕಾಗಲ್ಲ.

ಹೋದವರೂ ಆರಾಮಾಗಿ ಇದ್ದಾರೆ ಅಂತಲ್ಲ. ಯುಸಿಎಲ್‌ಎ ಹೋಗಿದ್ದೇ ಸಾಲದ ಕಾರಣಕ್ಕೆ, ಈಗ ಅದೇ ಯುಸಿಎಲ್‌ಎ ಬರ್ಕ್ಲಿಗೆ ವರ್ಷಕ್ಕೆ 10 ಮಿಲಿಯನ್ ಡಾಲರ್ ಕೊಡ್ಬೇಕು ಅಂತ ಎರಡನ್ನೂ ನಡೆಸೋ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಆಡಳಿತ ಮಂಡಳಿ, ರೀಜೆಂಟ್ಸ್, ಹೇಳಿದ್ದಾರೆ, ನೀನು ಬಿಟ್ಟು ಹೋಗಿದ್ದಕ್ಕೆ ತಂಗಿಗೆ ನಷ್ಟ ಆಯ್ತು ಅಂತ. ಫುಟ್‌ಬಾಲ್ ಟೀಮು ವರ್ಷಕ್ಕೆ ಐದಾರು ಸಲ ಹೊರಗೆ ಹೋಗುತ್ತೆ, ಅದೂ ಚಾರ್ಟರ್ ವಿಮಾನ. ಆದ್ರೆ ಸಾಫ್ಟ್‌ಬಾಲ್, ವಾಲಿಬಾಲ್, ಟೆನಿಸ್ ಮಕ್ಕಳು? ಲಾಸ್ ಏಂಜಲಿಸಿಂದ ಬಿಗ್ ಟೆನ್‌ನದ್ದೇ ಆದ ನ್ಯೂಜೆರ್ಸಿಯ ರಟ್ಗರ್ಸ್ ಯೂನಿವರ್ಸಿಟಿಗೆ ಸುಮಾರು 4,000 ಕಿಲೋಮೀಟರ್, ಮೂರು ಗಂಟೆ ಗಡಿಯಾರ ವ್ಯತ್ಯಾಸ. ಫುಟ್‌ಬಾಲ್ ಟಿವಿಗೋಸ್ಕರ ಮಾಡಿದ ಮ್ಯಾಪಲ್ಲಿ ಈ ಮಕ್ಕಳು ಓಡಾಡ್ಬೇಕು. ಫುಟ್‌ಬಾಲ್ ಒಂದನ್ನೇ ಬೇರೆ ಮಾಡಿ ಉಳಿದ ಆಟಗಳನ್ನ ಹಳೇ ನೆರೆಹೊರೇಲೇ ಬಿಡ್ಬಹುದಿತ್ತು, ಈಗಲೂ ಬಿಡ್ಬಹುದು.

ಪುಲ್ಮನ್‌ನಲ್ಲಿ ಪೆಟ್ಟು ಬಿದ್ದಿದ್ದು ಟ್ರ್ಯಾಕಿಗೆ. 2025ರ ಜೂನಲ್ಲಿ ಎಸೆತ, ಜಿಗಿತ ಎಲ್ಲಾ ತೆಗೆದು, ಸ್ಪ್ರಿಂಟ್ ಹರ್ಡಲ್ಸ್ ಕಡಿತ ಮಾಡಿ, ದೂರದ ಓಟಕ್ಕೆ ಮಾತ್ರ ಒತ್ತು ಅಂತ ಹೇಳಿದ್ರು. ಅದೇ ತಿಂಗಳು ಕೋರ್ಟಲ್ಲಿ, ಆಟಗಾರರು ಹಾಕಿದ್ದ ಕೇಸಿನ ರಾಜಿ, ಹೌಸ್ ಒಪ್ಪಂದ ಅಂತಾರೆ, ಪಾಸಾಗಿ ಸ್ಕೂಲುಗಳು ಆಟಗಾರರಿಗೆ ವರ್ಷಕ್ಕೆ 20.5 ಮಿಲಿಯನ್ ತನಕ ನೇರವಾಗಿ ಕೊಡೋ ದಾರಿ ಆಯ್ತು. ಆಟಗಾರರಿಗೆ ದುಡ್ಡು ಸಿಗ್ಬೇಕು, ಅದರಲ್ಲಿ ನಂಗೆ ಎರಡು ಮಾತಿಲ್ಲ, ಆದ್ರೆ ಟಿವಿ ದುಡ್ಡು ಕಳ್ಕೊಂಡ ಸ್ಕೂಲು ಅದನ್ನ ಎಲ್ಲಿಂದ ತರುತ್ತೆ? ಇದೇ ಪುಲ್ಮನ್‌ನ ವಿದ್ಯಾರ್ಥಿ ಕೀನ್ಯಾದ ಹೆನ್ರಿ ರೋನೊ 1978ರಲ್ಲಿ 81 ದಿನದಲ್ಲಿ ನಾಲ್ಕು ವಿಶ್ವದಾಖಲೆ ಮಾಡಿದ್ದ. ಮೊದಲನೇದು, 5,000 ಮೀಟರ್, ಬರ್ಕ್ಲಿಯಲ್ಲಿ. ಎರಡನೇದು, ಸ್ಟೀಪಲ್‌ಚೇಸ್, ಇಲ್ಲೇ ಸಿಯಾಟಲ್‌ನಲ್ಲಿ. ಅಕ್ಕಪಕ್ಕದ ಮನೆ ಅಂಗಳದಲ್ಲಿ.

ಒಂದು ಮಾತು ಹೇಳ್ದೆ ಹೋದ್ರೆ ತಪ್ಪಾಗುತ್ತೆ. ನಮ್ಮವರೂ ಆಮೇಲೆ ಅದನ್ನೇ ಮಾಡಿದ್ರು. 2024ರ ಸೆಪ್ಟೆಂಬರಲ್ಲಿ ಮೌಂಟನ್ ವೆಸ್ಟ್ ಅನ್ನೋ ಕಾನ್ಫರೆನ್ಸಿಂದ ಬೊಯ್ಸಿ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಕೊಲೊರಾಡೊ ಸ್ಟೇಟ್, ಯೂಟಾ ಸ್ಟೇಟ್ ಐದನ್ನೂ ಕರ್ಕೊಂಡ್ರು, ಆ ವರ್ಷ ಫುಟ್‌ಬಾಲ್ ಆಡೋಕೆ ಮ್ಯಾಚ್ ಕೊಟ್ಟು ಕೈಹಿಡಿದಿದ್ದೇ ಆ ಕಾನ್ಫರೆನ್ಸು. ಬೇರೆ ದಾರಿ ಇರ್ಲಿಲ್ಲ ಅನ್ನೋದು ನಿಜ, ಅಲ್ಲಿ ಉಳಿದ ವಯೋಮಿಂಗ್, ನ್ಯೂ ಮೆಕ್ಸಿಕೊದವರಿಗೆ ಆದ ನೋವೂ ಅಷ್ಟೇ ನಿಜ. ಆಮೇಲೆ ಫುಟ್‌ಬಾಲ್ ಟೀಮ್ ಇಲ್ಲದ ಗೊನ್ಜಾಗ ಯೂನಿವರ್ಸಿಟಿ ಬಂತು, ಎಂಟನೇ ಫುಟ್‌ಬಾಲ್ ಸ್ಕೂಲಾಗಿ ಟೆಕ್ಸಸ್ ಸ್ಟೇಟ್ ಬಂತು. ಹೊಸ ಪ್ಯಾಕ್-12ರ ದಿನ 2026ರ ಜುಲೈ 1.

ಟೆಕ್ಸಸ್ ಸ್ಟೇಟ್ ಇರೋದು ಸ್ಯಾನ್ ಮಾರ್ಕೋಸ್ ಅನ್ನೋ ಊರಲ್ಲಿ. ಪುಲ್ಮನ್ ಏರ್‌ಪೋರ್ಟಿಂದ ಮೊದಲು ಇಲ್ಲಿ ಸಿಯಾಟಲ್‌ಗೆ, ಇಲ್ಲಿಂದ ಟೆಕ್ಸಸ್‌ಗೆ, ಇಳಿದ್ಮೇಲೆ ಮತ್ತೆ ಬಸ್ಸು. ಈಗ ಅದೇ ಲ್ಯಾಬಲ್ಲಿ ನನ್ನ ಥರ ಯಾರೋ ಒಬ್ಬ ಟಿಎ ಇರ್ತಾನೆ, ಬಹುಶಃ ನಮ್ಮೂರ ಕಡೆಯವನೇ. ಅವನ ಕೈಗೆ ಬರೋ ಟ್ರಾವೆಲ್ ಲೆಟರಲ್ಲಿ ಆ ವಾರಕ್ಕೆ ಒಂದೇ ಊರಿನ ಹೆಸರಿರುತ್ತೆ, ಪಕ್ಕದಲ್ಲಿ ಜೋಡಿ ಇರಲ್ಲ.