ಅರ್ಧ ಅಂಕದ ಬೆಲೆ

ಕೇಳುಗರಿಗೆ ನಮಸ್ಕಾರ. ಮಗು ಚೆಸ್ ಟೂರ್ನಿಯ ಹಾಲ್‌ನಿಂದ ಹೊರಗೆ ಬಂದು ‘ಡ್ರಾ ಆಯ್ತು’ ಅಂದ ಕೂಡಲೇ ಮುಖ ಸಿಂಡರಿಸುತ್ತೀರಲ್ಲ, ಇವತ್ತಿನ ಮಾತು ನಿಮಗೇ. ಡ್ರಾ ಆದರೆ ಅರ್ಧ ಅಂಕ ಸಿಗುತ್ತದೆ ಸ್ವಾಮಿ, ಅರ್ಧ!

2024ರ ಏಪ್ರಿಲ್, ಕೆನಡಾದ ಟೊರೊಂಟೊ. ಕ್ಯಾಂಡಿಡೇಟ್ಸ್ ಟೂರ್ನಿಯ ಕೊನೇ ಸುತ್ತು. ಇದನ್ನು ಗೆದ್ದವರಿಗೆ ವಿಶ್ವ ಚಾಂಪಿಯನ್ ಎದುರು ಆಡುವ ಅವಕಾಶ. ಚೆನ್ನೈ ಹುಡುಗ ಗುಕೇಶ್‌ಗೆ ಆಗ 17 ವರ್ಷ, ಕೈಯಲ್ಲಿ ಎಂಟೂವರೆ ಅಂಕ. ಬೆನ್ನಿಗೇ ಎಂಟೆಂಟು ಅಂಕದ ಮೂವರು: ನಕಮುರ, ಕರುವಾನ, ನೆಪೊಮ್ನಿಯಾಚಿ. ಗುಕೇಶ್‌ಗೆ ಕಪ್ಪು ಕಾಯಿ, ಎದುರಿಗೆ ನಕಮುರ. ಅವರಿಗೋ ಗೆಲ್ಲಲೇಬೇಕು. ಹುಡುಗ ಜಗ್ಗಲಿಲ್ಲ. 71 ನಡೆ ಆಡಿ ಡ್ರಾ ಮಾಡಿಕೊಂಡ. ಅಲ್ಲಿಗೆ ಒಂಬತ್ತು. ಆದರೆ ಪಕ್ಕದಲ್ಲಿ ಕರುವಾನ, ನೆಪೊಮ್ನಿಯಾಚಿ ಇನ್ನೂ ಆಡುತ್ತಲೇ ಇದ್ದಾರೆ, ಇಬ್ಬರಲ್ಲಿ ಯಾರು ಗೆದ್ದರೂ ಅಂಕ ಸಮ ಆಗಿ, ಗುಕೇಶ್ ಅವರ ಜತೆ ಟೈಬ್ರೇಕ್, ಅಂದರೆ ಸಮಬಲ ಮುರಿಯುವ ಆಟ, ಆಡಬೇಕು. ಕರುವಾನ ಗೆಲ್ಲುವ ಹಾಗೇ ಇದ್ದರು, ಒಂದು ಸಲ ಅಲ್ಲ, ಹಲವು ಸಲ ಕೈ ತಪ್ಪಿತು. ಗುಕೇಶ್ ಸ್ವಲ್ಪ ಹೊತ್ತು ಆ ಆಟ ನೋಡಿ, ಸಾಕಪ್ಪಾ ಅಂತ ಕೋಚ್ ಜತೆ ವಾಕಿಂಗ್ ಹೋದನಂತೆ! 109 ನಡೆ ಆದ ಮೇಲೆ ಅದೂ ಡ್ರಾ. ಅಷ್ಟು ಚಿಕ್ಕ ವಯಸ್ಸಿಗೆ ಕ್ಯಾಂಡಿಡೇಟ್ಸ್ ಗೆದ್ದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಇನ್ನೊಂದು ಲೆಕ್ಕ ಕೇಳಿ. ಗುಕೇಶ್ ಆಡಿದ 14 ಆಟಗಳಲ್ಲಿ 8 ಡ್ರಾ. ಅದರಲ್ಲಿ ಒಂದು ಒಂಬತ್ತನೇ ಸುತ್ತಿನಲ್ಲಿ, 18ರ ಪ್ರಜ್ಞಾನಂದನ ಜತೆ. ಇಬ್ಬರೂ ಒಂದೇ ಊರಿನ ಹುಡುಗರು. ಆ ದಿನ ಯಾರೂ ಪಟಾಕಿ ಹೊಡೆಯಲಿಲ್ಲ. ಆದರೆ ಆ ಅರ್ಧ ಅಂಕ ಇಲ್ಲದಿದ್ದರೆ ಕೊನೆಗೆ ನಾಲ್ವರೂ ಎಂಟೂವರೆಯಲ್ಲೇ ನಿಲ್ಲುತ್ತಿದ್ದರು, ಅಲ್ವಾ?

ಹೇಳಬೇಕಾದ್ದು ಬೇಕಾದಷ್ಟಿತ್ತು, ಗಾಜಿನಾಚೆಯಿಂದ ಆಗಲೇ ಕೈ ತೋರಿಸುತ್ತಿದ್ದಾರೆ. ಒಂದೇ ಒಂದು. ‘ನಿನಗೆ ಒಂದು ಪಾನ್, ಅದೇ ಕಾಲಾಳು, ಜಾಸ್ತಿ ಇತ್ತು, ಯಾಕೋ ಗೆಲ್ಲಲಿಲ್ಲ?’ ಅಂತ ಸುಮ್ನೆ ಗದರಬೇಡಿ. ಬೋರ್ಡಿನ ಮೇಲೆ ಎರಡು ರಾಜ, ಒಂದು ಪಾನ್ ಮಾತ್ರ ಉಳಿದಿವೆ, ಪಾನ್ ಇರುವುದು ತೀರಾ ಅಂಚಿನ ಸಾಲಿನಲ್ಲಿ. ಎದುರಾಳಿ ರಾಜ ಓಡಿಹೋಗಿ ಪಾನ್ ಮುಂದಿರುವ ಆ ಸಾಲಿನ ಮೂಲೆ ಮನೆಯಲ್ಲಿ ಕೂತುಬಿಟ್ಟರೆ ಅವನನ್ನು ಎಬ್ಬಿಸುವವರಿಲ್ಲ. ಪಾನ್ ತಳ್ಳುತ್ತಾ ಹೋದರೆ ಸ್ಟೇಲ್‌ಮೇಟ್: ರಾಜನಿಗೆ ಚೆಕ್ ಇಲ್ಲ, ಆದರೆ ಆಡಲು ನಡೆಯೂ ಇಲ್ಲ. ವಿಶ್ವ ಚಾಂಪಿಯನ್ ಬಂದು ಕೂತರೂ ಅಲ್ಲಿ ಡ್ರಾನೇ. ಗಡಿಯಾರದಲ್ಲಿ ಒಂದು ನಿಮಿಷ ಉಳಿದಾಗ ಆ ಮೂಲೆ ನೆನಪಾದ ಮಗುವಿನ ಬೆನ್ನು ತಟ್ಟಿ, ಅದು ನಿಮ್ಮದೋ ಪಕ್ಕದವರದೋ.

ಹನ್ನೆರಡನೇ ನಡೆಗೇ ಕೈ ಕುಲುಕಿ, ಐಸ್‌ಕ್ರೀಮ್ ಅಂತ ಓಡಿ ಬಂದರೆ ಮಾತ್ರ ಬೈಯಿರಿ, ನನ್ನ ಅಭ್ಯಂತರವಿಲ್ಲ. ನಮಸ್ಕಾರ.